ಎರಡು ಸ್ಟಾರ್ಟ್ ಬಟನ್, ಒಂಬತ್ತು ಕೆಲಸ: ಕಲ್ಯಾಣಪುರದ ಒಂದು ಆರ್ಕೇಡ್ ಪ್ಯಾನೆಲ್

ನಾಣ್ಯ ಹಾಕಿ ಆಡುವ ಆರ್ಕೇಡ್ ಯಂತ್ರದ ಮಾದರಿಯಲ್ಲಿ ಮನೆಗೆಂದು ಮಾಡಿಸಿದ ವಿಡಿಯೋ ಗೇಮ್ ಪೆಟ್ಟಿಗೆ ಅದು. ಅದರ ಪ್ಯಾನೆಲ್ ಹೀಗಿತ್ತು. 18 ಮಿ.ಮೀ. ಪ್ಲೈವುಡ್, ಮೇಲೆ ಕಪ್ಪು ಸನ್‌ಮೈಕಾ. ಎಡಕ್ಕೊಂದು, ಬಲಕ್ಕೊಂದು ಜಾಯ್‌ಸ್ಟಿಕ್. ಒಬ್ಬೊಬ್ಬ ಆಟಗಾರನಿಗೆ ಆರು ಬಟನ್: ಮೇಲಿನ ಸಾಲಿನಲ್ಲಿ 1, 2, 3, ಕೆಳಗಿನ ಸಾಲಿನಲ್ಲಿ 4, 5, 6. ಮೇಲಂಚಿನ ಎರಡೂ ಕೊನೆಗಳಲ್ಲಿ, ಒಳಗೆ ಎಲ್‌ಇಡಿ ಇರುವ ಒಂದೊಂದು ಸ್ಟಾರ್ಟ್ ಬಟನ್. ಅಷ್ಟೇ. ಕಾಯಿನ್‌ಗೆ ಬಟನ್ ಇಲ್ಲ, ಆಟದಿಂದ ಹೊರಬರಲು ಇಲ್ಲ. ವಾಲ್ಯೂಮ್, ಪಾಸ್ (ಆಟವನ್ನು ನಡುವೆ ತಡೆಹಿಡಿಯುವುದು), ಮೆನು ಯಾವುದಕ್ಕೂ ಇಲ್ಲ. ಇನ್ನೊಂದು ತೂತು ಕೊರೆಯಲು ಮನೆ ಯಜಮಾನರು ಸುತಾರಾಂ ಒಪ್ಪಲಿಲ್ಲ. ಸನ್‌ಮೈಕಾ ಸೀಳಿದರೆ ಮತ್ತೆ ಆಚಾರಿಯನ್ನು ಕರೆಸಬೇಕು, ಮಳೆಗಾಲಕ್ಕೆ ಮೊದಲಿನ ಎರಡು ತಿಂಗಳು ನಮ್ಮ ಕಡೆ ಆಚಾರಿಗಳು ಫೋನೇ ಎತ್ತುವುದಿಲ್ಲ.

ಯಜಮಾನರೆಂದರೆ ನನ್ನ ಅಕ್ಕನ ಗಂಡ. ಮನೆ ಉಡುಪಿಯ ಉತ್ತರಕ್ಕೆ, ಸುವರ್ಣಾ ನದಿಯ ದಡದ ಕಲ್ಯಾಣಪುರದಲ್ಲಿ. ಏಪ್ರಿಲ್ ಬಂತೆಂದರೆ ಆ ಮನೆಯ ಚಾವಡಿಯಲ್ಲಿ ಮಂಗಳೂರು, ಬೆಂಗಳೂರು, ದುಬೈಗಳಿಂದ ಬಂದ ಮಕ್ಕಳ ದಂಡು. ಅವರ ಕೈಯಿಂದ ಮೊಬೈಲ್ ಬಿಡಿಸಬೇಕೆಂದು ಭಾವ ಈ ಪೆಟ್ಟಿಗೆ ಮಾಡಿಸಿದ್ದು. ಹಾಗಂತ ಅವರ ಅಂಬೋಣ. ನಿಜ ಸಂಗತಿ, ಹೈಸ್ಕೂಲಿನಲ್ಲಿದ್ದಾಗ ವಿಡಿಯೋ ಗೇಮ್ ಪಾರ್ಲರಿಗೆ ಸುರಿದ ಚಿಲ್ಲರೆಯ ನೆನಪು ಅವರಿಗೆ ಇನ್ನೂ ಆರಿಲ್ಲ. ಒಳಗಿರುವುದು ಒಂದು ಹಳೆ ಡೆಸ್ಕ್‌ಟಾಪ್, ಅದರಲ್ಲಿ ಲಿನಕ್ಸ್, ಅದರ ಮೇಲೆ ಮೇಮ್. ಮೇಮ್ ಎಂದರೆ ಹಳೆ ಆರ್ಕೇಡ್ ಆಟಗಳನ್ನು ಕಂಪ್ಯೂಟರಿನಲ್ಲಿ ಆಡಿಸುವ ಎಮ್ಯುಲೇಟರ್ ಪ್ರೋಗ್ರಾಂ, 1997ರಲ್ಲಿ ಬಂದದ್ದು, 2016ರಿಂದ ಪೂರ್ತಿ ಓಪನ್ ಸೋರ್ಸ್. ಆಟಗಳ ರೋಮ್ ಫೈಲುಗಳ, ಅಂದರೆ ಮೂಲ ಯಂತ್ರದ ಚಿಪ್ಪುಗಳಿಂದ ನಕಲಿಸಿದ ಆಟಗಳ, ಹಕ್ಕು ಬೇರೆಯೇ ವಿಷಯ, ಅದನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ.

ಮೊದಲ ವೈರಿಂಗ್ ಮಾಡಿದ್ದು ಅಳಿಯ, ಅಕ್ಕನ ಮಗ. ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಎರಡನೇ ವರ್ಷ, ಬೆಸುಗೆ ಚೆನ್ನಾಗಿ ಹಾಕುತ್ತಾನೆ. ರಿಪೇರಿಯೇ ನನ್ನ ಕಸುಬಾದ್ದರಿಂದ ಆಮೇಲೆ ನನಗೆ ಕರೆ ಬಂತು.

ಮನೆಯಲ್ಲೇ ಈ ಸಮಸ್ಯೆ ಯಾಕೆ

ಅಂಗಡಿಯಲ್ಲಿಟ್ಟ ಅಸಲಿ ಆರ್ಕೇಡ್ ಯಂತ್ರಕ್ಕೆ ಈ ತಾಪತ್ರಯ ಇರಲಿಲ್ಲ. 1985ರಲ್ಲಿ ಜಪಾನಿನಲ್ಲಿ ರೂಪುಗೊಂಡ ಜಮ್ಮಾ ಎಂಬ ವೈರಿಂಗ್ ಪದ್ಧತಿಯಲ್ಲಿ 56 ಸಂಪರ್ಕಗಳ ಒಂದು ಎಡ್ಜ್ ಕನೆಕ್ಟರ್ ಇರುತ್ತದೆ. ಅದರಲ್ಲಿ ಕಾಯಿನ್‌ಗೆ ಬೇರೆ ಪಿನ್, ಸ್ಟಾರ್ಟ್‌ಗೆ ಬೇರೆ, ಸರ್ವಿಸ್‌ಗೆ ಬೇರೆ, ಟೆಸ್ಟ್‌ಗೆ ಬೇರೆ. ಕಾಯಿನ್ ಸ್ವಿಚ್ಚನ್ನು ಯಾರೂ ಕೈಯಲ್ಲಿ ಒತ್ತುವುದಿಲ್ಲ. ಒಳಗೆ ಜಾರುವ ನಾಣ್ಯವೇ ಒತ್ತುತ್ತದೆ. ಸರ್ವಿಸ್, ಟೆಸ್ಟ್ ಬಟನ್‌ಗಳು ಬೀಗ ಹಾಕಿದ ಬಾಗಿಲ ಹಿಂದೆ. ಆಟದಿಂದ ಹೊರಬರುವ ಪ್ರಶ್ನೆಯೇ ಇಲ್ಲ, ಒಂದು ಯಂತ್ರಕ್ಕೆ ಒಂದೇ ಆಟ. ಮನೆಯ ಪೆಟ್ಟಿಗೆಯಲ್ಲಿ ನಾಣ್ಯದ ಬಾಯಿಯೂ ಇಲ್ಲ, ಬೀಗದ ಬಾಗಿಲೂ ಇಲ್ಲ, ಆಟ ಮಾತ್ರ ನೂರಾರು. ಬಾಗಿಲ ಹಿಂದಿದ್ದ ಕೆಲಸಗಳೆಲ್ಲ ಪ್ಯಾನೆಲ್ಲಿನ ಮೇಲೆ, ಮಕ್ಕಳ ಕೈಗೆ ಬಂದು ಕೂರುತ್ತವೆ. ಈ ಪ್ರಕರಣದಲ್ಲಿ ಎಡವಟ್ಟಾದದ್ದೆಲ್ಲ ಇಲ್ಲಿಂದಲೇ.

ಲೆಕ್ಕ ಹಾಕಿದರೆ ಎರಡು ಜಾಯ್‌ಸ್ಟಿಕ್ಕಿನ ಎಂಟು ದಿಕ್ಕು, ಹನ್ನೆರಡು ಬಟನ್, ಎರಡು ಸ್ಟಾರ್ಟ್, ಒಟ್ಟು 22 ಸ್ವಿಚ್. ಬೇಕಾದ ಕೆಲಸ 29.

ಅಳಿಯನ ವೈರಿಂಗ್

ಅವನು ತಂದದ್ದು ಆನ್‌ಲೈನಿನಲ್ಲಿ ಸಿಗುವ ಅಗ್ಗದ ಯುಎಸ್‌ಬಿ ಎನ್‌ಕೋಡರ್ ಬೋರ್ಡ್, ಆಟಗಾರನಿಗೊಂದರಂತೆ ಎರಡು. ಬಟನ್ನಿನ ಎರಡು ತಂತಿ ಸಾಕೆಟ್ಟಿಗೆ ಚುಚ್ಚಿದರೆ ಕಂಪ್ಯೂಟರಿಗೆ ಅದು ಗೇಮ್‌ಪ್ಯಾಡ್ ಆಗಿ ಕಾಣುತ್ತದೆ. ಸುಲಭ, ಮತ್ತು ಒಂಟಿ ಆಟಗಾರನ ಪ್ಯಾನೆಲ್ಲಿಗೆ ಇವತ್ತಿಗೂ ನಾನು ಅದನ್ನೇ ಹೇಳುವುದು. ಆದರೆ ಆ ಬೋರ್ಡಿಗೆ ಸ್ವಂತ ಬುದ್ಧಿ ಇಲ್ಲ. ಒಂದು ಸಾಕೆಟ್, ಒಂದು ಬಟನ್ ಸಂಖ್ಯೆ, ಮುಗಿಯಿತು.

ಕಾಯಿನ್ ಬಟನ್ ಇಲ್ಲವಲ್ಲ ಎಂದು ಅವನು ಸ್ಟಾರ್ಟ್ ಬಟನ್ನಿನಿಂದ ಎರಡು ತಂತಿ ಎಳೆದು ಒಂದನ್ನು ಸ್ಟಾರ್ಟ್ ಸಾಕೆಟ್ಟಿಗೂ ಇನ್ನೊಂದನ್ನು ಕಾಯಿನ್‌ಗೆ ಮೀಸಲಿಟ್ಟ ಸಾಕೆಟ್ಟಿಗೂ ಕೊಟ್ಟ. ಒಂದೇ ಒತ್ತಿಗೆ ಎರಡೂ ಆಗಲಿ ಎಂಬ ಆಲೋಚನೆ.

"ಮಾವ, ಒಮ್ಮೆ ಒತ್ತಿದ್ರೆ ಕಾಯಿನ್ ಬೀಳ್ತದೆ, ಆಟ ಶುರು ಆಗುದಿಲ್ಲ. ಇನ್ನೊಮ್ಮೆ ಒತ್ತಿದ್ರೆ ಆಗ್ತದೆ. ಕೆಲವು ಆಟದಲ್ಲಿ ಮೊದಲ್ನೇ ಸಲವೇ ಆಗ್ತದೆ. ಎಂತ ಲೆಕ್ಕ ಅಂತಲೇ ಗೊತ್ತಾಗುದಿಲ್ಲ," ಅಂದ.

ಲೆಕ್ಕ ಇದೆ. ಹಳೆ ಆಟಗಳು ಸೆಕೆಂಡಿಗೆ ಸುಮಾರು 60 ಸಲ ತಮ್ಮ ಸ್ವಿಚ್‌ಗಳನ್ನು ನೋಡುತ್ತವೆ. ಕಾಯಿನ್ ಸ್ವಿಚ್ ಒತ್ತಿ ಬಿಟ್ಟದ್ದನ್ನು ಕೆಲವು ಫ್ರೇಮುಗಳ (ಪರದೆಯ ಒಂದೊಂದು ಚಿತ್ರದ) ಕಾಲ ಗಮನಿಸಿ, ಇದು ನಿಜವಾದ ನಾಣ್ಯವೇ ಎಂದು ಖಾತ್ರಿಯಾದ ಮೇಲಷ್ಟೇ ಒಂದು ಕ್ರೆಡಿಟ್, ಅಂದರೆ ಆಡುವ ಹಕ್ಕು, ಕೂಡಿಸುತ್ತವೆ. ಸ್ಟಾರ್ಟ್ ಅದೇ ಗಳಿಗೆಯಲ್ಲಿ ಬಂದರೆ ಆಗಿನ್ನೂ ಕ್ರೆಡಿಟ್ ಸೊನ್ನೆ, ಹಾಗಾಗಿ ಆಟ ಅದನ್ನು ಲಕ್ಷಿಸುವುದಿಲ್ಲ. ಸ್ಟಾರ್ಟ್ 'ಒತ್ತಿರುವುದನ್ನು' ನೋಡುವ ಆಟಗಳಲ್ಲಿ, ಬೆರಳು ಇನ್ನೂ ಬಟನ್ ಮೇಲಿದ್ದರೆ, ಕ್ರೆಡಿಟ್ ಬಿದ್ದ ಕೂಡಲೇ ಆಟ ಶುರು. 'ಒತ್ತಿದ ಆ ಕ್ಷಣವನ್ನು' ಮಾತ್ರ ನೋಡುವ ಆಟಗಳಲ್ಲಿ ಆ ಕ್ಷಣ ದಾಟಿ ಹೋಗಿರುತ್ತದೆ. ಒಂದೇ ತಂತಿ, ಆಟಕ್ಕೊಂದು ನಡತೆ.

ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಹೊರಬರುವ ದಾರಿಗೆ ಅವನು ಮೇಮ್‌ನ ಒಳಗೆ 'ಎರಡೂ ಸ್ಟಾರ್ಟ್ ಒಟ್ಟಿಗೆ ಒತ್ತಿದರೆ ಎಕ್ಸಿಟ್' ಎಂದು ಬರೆದಿದ್ದ. ಮೇಮ್ ಇಂಥ ಜೋಡಿಗಳನ್ನು ಒಪ್ಪುತ್ತದೆ. ಕಾಗದದ ಮೇಲೆ ಇದು ಜಾಣತನವೇ: ಎರಡು ಬಟನ್‌ಗಳ ನಡುವೆ ಮೊಳಕ್ಕೂ ಹೆಚ್ಚು ದೂರ, ಒಬ್ಬನ ಕೈ ತಪ್ಪಿ ಎರಡಕ್ಕೂ ತಾಗುವುದಿಲ್ಲ. ಆದರೆ ಇಬ್ಬರು ಹುಡುಗರು ಹೊಡೆದಾಟದ ಆಟ ಹಾಕಿ ಅಕ್ಕಪಕ್ಕ ನಿಂತಾಗ ಮೊದಲು ಮಾಡುವ ಕೆಲಸ ಯಾವುದು? ಇಬ್ಬರೂ ತಮ್ಮ ತಮ್ಮ ಸ್ಟಾರ್ಟ್ ಬಟನ್ನನ್ನು ಪಟಪಟ ಕುಟ್ಟುವುದು. ಆಟ ಶುರುವಾಗುವ ಬದಲು ಪರದೆ ಮೆನುವಿಗೆ ಮರಳುತ್ತಿತ್ತು. ಮಕ್ಕಳು "ಹಾಳಾಗಿದೆ" ಎಂದು ಮತ್ತೆ ಮೊಬೈಲ್ ಹಿಡಿದರು.

ಸಾಲದ್ದಕ್ಕೆ ಎರಡೂ ಬೋರ್ಡುಗಳು ಒಂದೇ ಹೆಸರು, ಒಂದೇ ಗುರುತು ಹೇಳುತ್ತಿದ್ದವು. ಕಂಪ್ಯೂಟರ್ ಆನ್ ಆದಾಗ ಯಾವುದು ಮೊದಲು ಕಂಡಿತೋ ಅದು ಒಂದನೇ ಆಟಗಾರ. ಕೆಲವು ದಿನ ಎಡದವನು ಬಲದವನಾಗುತ್ತಿದ್ದ.

ತಂತಿಯಲ್ಲೇ ಮುಗಿಸಬಹುದಿತ್ತೇ

ಪ್ರೋಗ್ರಾಂ ಬರೆಯದೆ ಬರೀ ವೈರಿಂಗಿನಿಂದ ಒಂದು ಬಟನ್ನಿಗೆ ಎರಡು ಕೆಲಸ ಕೊಡುವ ದಾರಿಗಳಿವೆ. ಇಲ್ಲಿ ಅವು ಯಾಕೆ ನಿಲ್ಲಲಿಲ್ಲ ಎಂದು ಹೇಳುವುದು ಉಪಯೋಗಕ್ಕೆ ಬಂದೀತು, ಯಾಕೆಂದರೆ ಬೇರೆ ಪ್ಯಾನೆಲ್ಲಿನಲ್ಲಿ ಅವೇ ಸರಿಯಾದಾವು.

ಎರಡು ಇನ್‌ಪುಟ್‌ಗಳನ್ನು ನೇರವಾಗಿ ಒಂದೇ ಬಟನ್ನಿಗೆ ಕಟ್ಟಿದರೆ ಅವೆರಡೂ ಕಾಯಂ ಒಂದಾಗಿಬಿಡುತ್ತವೆ. ಆಮೇಲೆ ಕಾಯಿನ್‌ಗೆಂದು ಪ್ರತ್ಯೇಕ ಸ್ವಿಚ್ ಸೇರಿಸಿದರೂ ಅದು ಸ್ಟಾರ್ಟನ್ನೂ ಎಳೆಯುತ್ತದೆ. ಇದಕ್ಕೆ ಮದ್ದು ಡಯೋಡ್, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ. ಪ್ರತಿ ಇನ್‌ಪುಟ್ ಮತ್ತು ಬಟನ್ನಿನ ನಡುವೆ ಒಂದೊಂದು 1ಎನ್4148, ಪಟ್ಟಿ ಇರುವ ತುದಿ ಬಟನ್ ಕಡೆಗೆ. ಇನ್‌ಪುಟ್ ಒಳಗಿನ ಪುಲ್-ಅಪ್‌ನಿಂದ (ಬಟನ್ ಒತ್ತದಿದ್ದಾಗ ವೋಲ್ಟೇಜನ್ನು ಮೇಲೆ ಹಿಡಿದಿಡುವ ರೆಸಿಸ್ಟರ್) ಹೊರಟ ಕರೆಂಟ್ ಬಟನ್ ಮೂಲಕ ಗ್ರೌಂಡಿಗೆ ಇಳಿಯುತ್ತದೆ, ಒಂದು ಇನ್‌ಪುಟ್‌ನಿಂದ ಇನ್ನೊಂದಕ್ಕೆ ಹಾಯುವುದಿಲ್ಲ. ಒಂದೇ ಬಟನ್ನಿನಿಂದ ಎರಡು ಗುಂಡಿಗಳ ಜೋಡಿಯನ್ನು ಒತ್ತಿಸಬೇಕಾದ ಕಡೆ ಇದು ಸೊಗಸಾದ ಉಪಾಯ. ಆದರೆ ಡಯೋಡ್ ಹಾಕಿದರೂ ಕಾಯಿನ್ ಮತ್ತು ಸ್ಟಾರ್ಟ್ ಒಂದೇ ಗಳಿಗೆಗೆ ಹೋಗುವುದು ತಪ್ಪುವುದಿಲ್ಲ, ನಮ್ಮ ಕಾಯಿಲೆ ಅದೇ. 3.3 ವೋಲ್ಟಿನ ಬೋರ್ಡಾದರೆ ಇನ್ನೊಂದು ಎಚ್ಚರಿಕೆ: ಡಯೋಡಿನ ಮೇಲೆ ಅರ್ಧ ವೋಲ್ಟಿಗೂ ಮಿಕ್ಕಿ ಉಳಿದುಬಿಡುತ್ತದೆ, ಇನ್‌ಪುಟ್ 'ಸೊನ್ನೆ' ಎಂದು ಓದುವ ಮಿತಿಗೆ ತೀರಾ ಹತ್ತಿರ. ಅಂಥಲ್ಲಿ ಕಡಿಮೆ ವೋಲ್ಟ್ ಉಳಿಸಿಕೊಳ್ಳುವ ಶಾಟ್ಕಿ ಡಯೋಡ್ ಹಾಕಬೇಕು.

ಮತ್ತೊಂದು ದಾರಿ ಮೈಕ್ರೋಸ್ವಿಚ್ಚಿನ ಮೂರನೇ ಕಾಲು. ಆರ್ಕೇಡ್ ಬಟನ್ನಿನ ಅಡಿಯ ಸ್ವಿಚ್ಚಿಗೆ ಸಾಮಾನ್ಯವಾಗಿ ಮೂರು ಟರ್ಮಿನಲ್ ಇರುತ್ತವೆ: ಕಾಮನ್, ಎನ್‌ಓ, ಎನ್‌ಸಿ. ಒತ್ತದಿದ್ದಾಗ ಕಾಮನ್ ಎನ್‌ಸಿಗೆ ತಾಗಿರುತ್ತದೆ, ಒತ್ತಿದಾಗ ಎನ್‌ಓಗೆ. ಸ್ಟಾರ್ಟ್‌ನಿಂದ ಬರುವ ತಂತಿಯನ್ನು ಇನ್ನೊಂದು ಬಟನ್ನಿನ ಕಾಮನ್‌ಗೆ ಕೊಟ್ಟು, ಅದರ ಎನ್‌ಸಿಯನ್ನು ಸ್ಟಾರ್ಟ್ ಇನ್‌ಪುಟ್‌ಗೂ ಎನ್‌ಓವನ್ನು ಕಾಯಿನ್ ಇನ್‌ಪುಟ್‌ಗೂ ಕಟ್ಟಿದರೆ ಆಯಿತು, ಆ ಬಟನ್ ಹಿಡಿದು ಸ್ಟಾರ್ಟ್ ಒತ್ತಿದರೆ ಕಾಯಿನ್, ಹಿಡಿಯದೆ ಒತ್ತಿದರೆ ಸ್ಟಾರ್ಟ್. ಒಂದು ಸಾಲು ಕೋಡ್ ಇಲ್ಲ, ಒಂದು ಬಿಡಿಭಾಗ ಹೆಚ್ಚಿಗೆ ಇಲ್ಲ. ತೊಡಕು ಏನೆಂದರೆ ಆ ಸ್ವಿಚ್ಚಿಗಿರುವುದು ಒಂದೇ ಜೋಡಿ ದಾರಿ. ಅದು ಸ್ಟಾರ್ಟ್‌ನ ತಂತಿಯನ್ನು ತಿರುಗಿಸುವ ಕೆಲಸಕ್ಕೆ ನಿಂತರೆ ಆಟದಲ್ಲಿ ತನ್ನ ಸ್ವಂತ ಕೆಲಸ ಮಾಡಲಾರದು. ಅಂದರೆ ಅದಕ್ಕೆಂದೇ ಹೊಸ ಬಟನ್, ಅಂದರೆ ಹೊಸ ತೂತು. ಪ್ಯಾನೆಲ್ಲಿನ ಅಡಿಯಲ್ಲಿ ಎರಡು ದಾರಿಗಳನ್ನು ಒಟ್ಟಿಗೆ ತಿರುಗಿಸುವ ಒಂದು ಡಿಪಿಡಿಟಿ ಟಾಗಲ್ ಸ್ವಿಚ್ ಬಚ್ಚಿಟ್ಟು ಎರಡೂ ಸ್ಟಾರ್ಟ್‌ಗಳನ್ನು ಒಟ್ಟಿಗೆ ಕಾಯಿನ್ ಆಗಿಸಬಹುದು. ಎರಡು ಜನ ದೊಡ್ಡವರಷ್ಟೇ ಆಡುವ ಮನೆಯಲ್ಲಿ ನಾನು ಅದನ್ನೇ ಮಾಡುತ್ತಿದ್ದೆ. ಇಲ್ಲಿ ಯಾರೋ ಒಬ್ಬ ಅದನ್ನು ತಿರುಗಿಸಿಟ್ಟು ಹೋಗುತ್ತಾನೆ, ಮುಂದಿನವನು ಸ್ಟಾರ್ಟ್ ಒತ್ತಿ ಒತ್ತಿ ಕ್ರೆಡಿಟ್ ಪೇರಿಸುತ್ತಾ ಕೂರುತ್ತಾನೆ.

ರಿಲೇ ಹಾಕುವ ಮಾತೂ ಬಂತು. ಬೇಡವೆಂದೆ.

ಪಿಕೋ ಮತ್ತು ಅಜ್ಜಿ

ಉಳಿದದ್ದು ಎನ್‌ಕೋಡರಿಗೇ ಬುದ್ಧಿ ಕೊಡುವುದು. ಶಿಫ್ಟ್ ಸೌಲಭ್ಯವನ್ನು (ಒಂದು ಬಟನ್ ಹಿಡಿದಾಗ ಉಳಿದವುಗಳ ಕೆಲಸ ಬದಲಾಗುವುದು) ಒಳಗೇ ಇಟ್ಟುಕೊಂಡು ಬರುವ ಆರ್ಕೇಡ್ ಎನ್‌ಕೋಡರ್‌ಗಳು ಮಾರುಕಟ್ಟೆಯಲ್ಲಿವೆ. ಇಂಗ್ಲೆಂಡಿನ ಅಲ್ಟಿಮಾರ್ಕ್ ಕಂಪನಿಯ ಐ-ಪ್ಯಾಕ್ ಅವುಗಳಲ್ಲಿ ಹೆಸರುವಾಸಿ, ಅದರಲ್ಲಿ ಒಂದನೇ ಸ್ಟಾರ್ಟ್ ಬಟನ್ನೇ ಶಿಫ್ಟ್ ಆಗಿ ದುಡಿಯುತ್ತದೆ. ನಾವು ರಾಸ್‌ಬೆರಿ ಪೈ ಪಿಕೋ ಎಂಬ, ಪ್ರೋಗ್ರಾಂ ಬರೆದು ಹಾಕಬಹುದಾದ ಪುಟ್ಟ ಬೋರ್ಡ್ ಆರಿಸಿದೆವು. ಕಾರಣ ಸರಳ: ಅದರಲ್ಲಿ 26 ಪಿನ್ ಬಳಕೆಗೆ ಸಿಗುತ್ತವೆ, ನಮಗೆ ಬೇಕಾದ್ದು 22, ಮಿಕ್ಕವುಗಳಲ್ಲಿ ಎರಡು ಸ್ಟಾರ್ಟ್ ದೀಪಗಳಿಗೆ. ದೀಪಗಳಿಗೆ ಪಿನ್ ನೇರ ಕೊಡದೆ ಒಂದೊಂದು ಬಿಸಿ547 ಟ್ರಾನ್ಸಿಸ್ಟರ್ ಮೂಲಕ ಯುಎಸ್‌ಬಿಯ 5 ವೋಲ್ಟ್ ಕೊಟ್ಟೆವು. ಭಾಷೆ ಸರ್ಕಿಟ್‌ಪೈಥಾನ್, ಅಳಿಯನಿಗೆ ಅದು ಬರುತ್ತದೆ.

ಈಗ ಕಂಪ್ಯೂಟರಿಗೆ ಪ್ಯಾನೆಲ್ ಒಂದು ಕೀಬೋರ್ಡ್. ಮೇಮ್‌ನಲ್ಲಿ 5 ಮತ್ತು 6 ಕಾಯಿನ್, 1 ಮತ್ತು 2 ಸ್ಟಾರ್ಟ್, ಪಿ ಅಂದರೆ ಪಾಸ್, ಟ್ಯಾಬ್ ಅಂದರೆ ಮೆನು, ಎಸ್ಕೇಪ್ ಅಂದರೆ ಹೊರಗೆ. ಸಾಮಾನ್ಯ ಯುಎಸ್‌ಬಿ ಕೀಬೋರ್ಡ್ ಕಂಪ್ಯೂಟರಿಗೆ ಕಳಿಸುವ ವರದಿಯಲ್ಲಿ ಏಕಕಾಲಕ್ಕೆ ಆರು ಕೀಗಳಿಗಷ್ಟೇ ಜಾಗ, ಕಂಟ್ರೋಲ್-ಆಲ್ಟ್-ಶಿಫ್ಟ್‌ಗಳಿಗೆ ಪ್ರತ್ಯೇಕ ಜಾಗ. ಇಬ್ಬರು ಮಕ್ಕಳು ಜಾಯ್‌ಸ್ಟಿಕ್ಕನ್ನು ಓರೆಗೆ ತಳ್ಳಿ ಎರಡೆರಡು ಬಟನ್ ಹಿಡಿದರೆ ಎಂಟು ಕೀ ಆಗಿಹೋಗುತ್ತವೆ. ಮೇಮ್ ತನ್ನ ಮೂಲ ಜೋಡಣೆಯಲ್ಲಿ ಮೊದಲ ಬಟನ್‌ಗಳಿಗೆ ಎಡಗಡೆಯ ಕಂಟ್ರೋಲ್, ಆಲ್ಟ್ ಇಟ್ಟಿರುವುದರಿಂದ ಒತ್ತಡ ಸ್ವಲ್ಪ ಕಡಿಮೆಯಾಗುತ್ತದೆ. ಆದರೆ ಕಂಟ್ರೋಲ್, ಆಲ್ಟ್ ಮತ್ತು ಬಾಣದ ಕೀ ಒಟ್ಟಿಗೆ ಬಿದ್ದರೆ ಕೆಲವು ಲಿನಕ್ಸ್ ಡೆಸ್ಕ್‌ಟಾಪ್‌ಗಳು ಪರದೆಯನ್ನೇ ಬದಲಿಸುತ್ತವೆ. ಪ್ರತಿ ಕೀಗೂ ಒಂದೊಂದು ಬಿಟ್ ಇರುವ ವರದಿಯನ್ನು ನಾವೇ ಬರೆದು, ಕಂಟ್ರೋಲ್, ಆಲ್ಟ್ ಬದಲು ಬೇರೆ ಕೀ ಕೊಟ್ಟು, ಎರಡೂ ಕಾಟ ಮುಗಿಸಿದೆವು. ಸರ್ಕಿಟ್‌ಪೈಥಾನಿನ ಕೀಪ್ಯಾಡ್ ಮಾಡ್ಯೂಲ್ ತಾನಾಗಿ 20 ಮಿಲಿಸೆಕೆಂಡಿಗೊಮ್ಮೆ ಸ್ವಿಚ್ ನೋಡುತ್ತದೆ, ಅದು ಒಂದು ಫ್ರೇಮಿಗಿಂತ ಹೆಚ್ಚು. 5ಕ್ಕೆ ಇಳಿಸಿದೆವು.

ಇನ್ನು ಮುಖ್ಯ ವಿಷಯ: ಯಾವ ಕೆಲಸ ಯಾವ ಬಟನ್ನಿಗೆ.

ಸ್ಟಾರ್ಟ್ ಬಟನ್ ಶಿಫ್ಟ್ ಆದರೆ ಅದರ ಸ್ವಂತ ಕೆಲಸವನ್ನು ಒತ್ತಿದ ಕೂಡಲೇ ಕಳಿಸಲಾಗದು. ಮುಂದೆ ಇನ್ನೊಂದು ಬಟನ್ ಬರುತ್ತದೋ ಇಲ್ಲವೋ ಕಾಯಬೇಕು. ಬಿಟ್ಟಾಗ, ನಡುವೆ ಏನೂ ಬಂದಿಲ್ಲವೆಂದು ನೋಡಿಕೊಂಡು, ಸ್ಟಾರ್ಟ್ ಕಳಿಸುವುದು ರೂಢಿ. ಗುಂಡು ಹಾರಿಸುವ ಬಟನ್ನಿಗೆ ಈ ವಿಳಂಬ ಸಲ್ಲದು, ಅದನ್ನು ಎಂದೂ ಶಿಫ್ಟ್ ಮಾಡಬಾರದು. ಸ್ಟಾರ್ಟ್‌ಗೆ ಚಿಂತೆಯಿಲ್ಲ ಎಂದೇ ಎಲ್ಲರ ಲೆಕ್ಕ.

ಆ ಲೆಕ್ಕದಲ್ಲಿ ಅಜ್ಜಿ ಇರಲಿಲ್ಲ. ಭಾವನ ತಾಯಿ, ಎಂಬತ್ತರ ಹತ್ತಿರ. ಅವರಿಗೆ ಪ್ಯಾಕ್‌ಮ್ಯಾನ್ ಮೇಲೆ ಪ್ರೀತಿ. 1980ರ ಆ ಆಟಕ್ಕೆ ಬಟನ್ನೇ ಬೇಡ, ಜಾಯ್‌ಸ್ಟಿಕ್ ಒಂದೇ ಸಾಕು. ಹಾಗಾಗಿ ಅವರು ಜಾಯ್‌ಸ್ಟಿಕ್ಕನ್ನು ಬಲಗೈಯಲ್ಲಿ ಹಿಡಿದು, ಎಡಗೈ ಹೆಬ್ಬೆರಳಿನಿಂದ ಸ್ಟಾರ್ಟ್ ಒತ್ತುತ್ತಾರೆ. ಒತ್ತುವುದೆಂದರೆ ಒತ್ತಿ ಹಿಡಿಯುವುದು. ಗಂಟುನೋವಿನ ಕೈ, ಸರಕ್ಕನೆ ಬಿಡುವುದಿಲ್ಲ. ಬಿಡುವವರೆಗೆ ಸ್ಟಾರ್ಟ್ ಹೋಗುವುದಿಲ್ಲವಾದ್ದರಿಂದ ಪರದೆಯಲ್ಲಿ ಏನೂ ಆಗುವುದಿಲ್ಲ, ಏನೂ ಆಗದ್ದರಿಂದ ಅವರು ಇನ್ನಷ್ಟು ಗಟ್ಟಿಯಾಗಿ, ಇನ್ನಷ್ಟು ಹೊತ್ತು ಒತ್ತುತ್ತಾರೆ.

"ಇದು ಒತ್ತಿದ್ರೆ ಎಂತದೂ ಆಗುದಿಲ್ಲ ಮಗಾ," ಅಂದರು ನನ್ನ ಕಡೆ ತಿರುಗಿ. ಆಗುತ್ತಿತ್ತು, ಆದರೆ ಬೇರೇನೋ. ಮೊದಲ ಜೋಡಣೆಯಲ್ಲಿ ಸ್ಟಾರ್ಟ್ ಹಿಡಿದು ಜಾಯ್‌ಸ್ಟಿಕ್ ಮೇಲೆ ಕೆಳಗೆ ಮಾಡಿದರೆ ವಾಲ್ಯೂಮ್ ಎಂದಿತ್ತು. ಅವರ ಬಲಗೈ ಸ್ವಲ್ಪ ಅದುರಿದರೂ ಸಾಕು, ಮನೆಯಿಡೀ ಕೇಳುವಷ್ಟು ಶಬ್ದ ಏರುತ್ತಿತ್ತು.

ಅಳಿಯ ಇನ್ನೊಂದು ಸೂಚನೆ ಕೊಟ್ಟಿದ್ದ: ಸ್ಟಾರ್ಟ್ ಒಂದನ್ನೇ ಒಂದು ಸೆಕೆಂಡ್ ಹಿಡಿದರೆ ಎಕ್ಸಿಟ್. ಎಷ್ಟೋ ಸಾಧನಗಳಲ್ಲಿ ಹಾಗೇ ಇರುತ್ತದೆ, ಮೊಬೈಲಿನ ಪವರ್ ಬಟನ್ ಕೂಡ ಹಾಗೇ. ಅಜ್ಜಿ ಆಡುವುದನ್ನು ನೋಡಿದ ಮೇಲೆ ಅವನೇ ಅದನ್ನು ಹಿಂದೆ ತೆಗೆದುಕೊಂಡ. ಅಲ್ಲಿಗೆ ಚಿತ್ರ ಸ್ಪಷ್ಟವಾಯಿತು. 'ಹೆಚ್ಚು ಹೊತ್ತು ಹಿಡಿದರೆ ಬೇರೆ ಕೆಲಸ' ಎಂಬ ನಿಯಮ ನಿಧಾನದ ಕೈಗೆ ಉರುಳು. 'ಎರಡು ಒಟ್ಟಿಗೆ ಒತ್ತಿದರೆ ಬೇರೆ ಕೆಲಸ' ಎಂಬುದು ಕುಟ್ಟುವ ಕೈಗೆ ಉರುಳು. ಈ ಮನೆಯಲ್ಲಿ ಎರಡೂ ಬಗೆಯ ಕೈಗಳಿವೆ. ಅಪಾಯದ ಕೆಲಸಕ್ಕೆ ಎರಡೂ ಷರತ್ತು ಸೇರಿಯೇ ಇರಬೇಕು. ನಿರಪಾಯದ ಕೆಲಸಕ್ಕೆ ಒಂದು ಸಾಕು.

ಕೊನೆಗೆ ನಿಂತದ್ದು ಹೀಗೆ. ಸ್ಟಾರ್ಟ್ ಒತ್ತಿದ ಮೇಲೆ 400 ಮಿಲಿಸೆಕೆಂಡಿನ ಒಂದು ಕಿಟಕಿ. ಅಷ್ಟರೊಳಗೆ ಬಿಟ್ಟರೆ ಸ್ಟಾರ್ಟ್. ಬಿಡದಿದ್ದರೂ, ಬೇರೆ ಬಟನ್ ಬರದಿದ್ದರೆ, ಕಿಟಕಿ ಮುಗಿದ ಕೂಡಲೇ ಸ್ಟಾರ್ಟ್. ಆಮೇಲೆ ಎಷ್ಟು ಹೊತ್ತು ಹಿಡಿದರೂ ಏನೂ ಇಲ್ಲ. ಅಜ್ಜಿಗೆ ಆಟ ಒತ್ತುತ್ತಿರುವಾಗಲೇ ಶುರುವಾಗುತ್ತದೆ. ಕಿಟಕಿಯೊಳಗೆ ಹೊಸದಾಗಿ ಒತ್ತಿದ ಬಟನ್ ಮಾತ್ರ ಲೆಕ್ಕಕ್ಕೆ. ಮೊದಲೇ ಒತ್ತಿ ಹಿಡಿದದ್ದು ಅಲ್ಲ. ತನ್ನ ಸ್ಟಾರ್ಟ್ ಜೊತೆ ತನ್ನ 6ನೇ ಬಟನ್ ಅಂದರೆ ತನ್ನ ಕಾಯಿನ್. ಒಂದನೇ ಸ್ಟಾರ್ಟ್ ಜೊತೆ 1 ಅಂದರೆ ಪಾಸ್, 2 ಮತ್ತು 5 ವಾಲ್ಯೂಮ್ ಏರಿಳಿತ. ಮೆನುವನ್ನು ಎರಡನೇ ಸ್ಟಾರ್ಟ್ ಮತ್ತು ಅದರ 4ನೇ ಬಟನ್ನಿನ ಜೋಡಿಗೆ ಕೊಟ್ಟೆವು, ಅದು ದೊಡ್ಡವರಿಗಷ್ಟೇ ಬೇಕಾದ್ದು. ಜಾಯ್‌ಸ್ಟಿಕ್ಕಿಗೆ ಎರಡನೇ ಕೆಲಸ ಕೊಡಲೇ ಇಲ್ಲ.

ಎಕ್ಸಿಟ್‌ಗೆ ಎರಡೂ ಸ್ಟಾರ್ಟ್‌ಗಳನ್ನು ಕಿಟಕಿಯೊಳಗೆ ಒಟ್ಟಿಗೆ ಒತ್ತಿ, ಪೂರ್ತಿ 2 ಸೆಕೆಂಡ್ ಹಿಡಿಯಬೇಕು. ಹಿಡಿದಷ್ಟೂ ಹೊತ್ತು ಎರಡೂ ದೀಪಗಳು ಮಿಣಮಿಣ ಮಾಡುತ್ತವೆ, ಬೇಡವಾದವನು ಕೈ ತೆಗೆಯಲಿ ಎಂದು. ಮೊದಲೇ ಬಿಟ್ಟರೆ ಎರಡು ಸ್ಟಾರ್ಟ್‌ಗಳೂ ಸಲೀಸಾಗಿ ಹೋಗುತ್ತವೆ. ಕುಟ್ಟುವ ಮಕ್ಕಳ ಬೆರಳು ಎರಡು ಸೆಕೆಂಡ್ ಎಲ್ಲಿ ನಿಲ್ಲುತ್ತದೆ! ಹೊರಬರುವ ಮೊದಲು ಪ್ರಶ್ನೆ ಕೇಳುವ ಆಯ್ಕೆ ಮೇಮ್‌ನಲ್ಲೇ ಇದೆ, ಆದರೆ ಆ ಇಂಗ್ಲಿಷ್ ಪ್ರಶ್ನೆಗೆ ಚಿಕ್ಕ ಮಕ್ಕಳು ಏನು ಒತ್ತಿಯಾರು ಎಂಬ ಭರವಸೆ ಇಲ್ಲದೆ ಬಿಟ್ಟೆವು.

ಕಾಯಿನ್ ಬಗ್ಗೆ ಒಂದು ತಕರಾರು ನಡೆಯಿತು. ಆಟಗಳನ್ನೆಲ್ಲ ಫ್ರೀ ಪ್ಲೇ ಮಾಡಿಬಿಟ್ಟರೆ ಕಾಯಿನ್ ಕೆಲಸವೇ ಬೇಡ, ಎರಡು ಜೋಡಿ ಉಳಿಯಿತು ಎಂದೆ.

"ಕಾಯಿನ್ ಬೀಳುವ ಆ ಶಬ್ದ ಇಲ್ಲದಿದ್ರೆ ಇದು ಎಂತ ಆರ್ಕೇಡ್ ಮಾರಾಯ?" ಅಂದರು ಭಾವ. ವಾದ ಅಲ್ಲಿಗೆ ಮುಗಿಯಿತು. ಪ್ಯಾಕ್‌ಮ್ಯಾನ್ ಒಂದನ್ನು ಅದರ ಡಿಪ್ ಸ್ವಿಚ್ (ಆಟದ ಬೋರ್ಡಿನ ಆಯ್ಕೆಗಳ ಪುಟ್ಟ ಸ್ವಿಚ್) ಜೋಡಣೆಯಲ್ಲಿ ಫ್ರೀ ಪ್ಲೇಗೆ ಹಾಕಿದೆವು, ಅಜ್ಜಿಗಾಗಿ. ಉಳಿದ ಆಟಗಳಿಗೆ ಕಾಯಿನ್ ಬೇಕೇ ಬೇಕು. ಕಾಯಿನ್ ಕೀಯನ್ನು ಬೆರಳು ಇದ್ದಷ್ಟು ಹೊತ್ತು ಒತ್ತಿ ಹಿಡಿಯದೆ 100 ಮಿಲಿಸೆಕೆಂಡಿನ ಒಂದು ತುಣುಕಾಗಿ ಕಳಿಸುತ್ತೇವೆ, ಸುಮಾರು ಆರು ಫ್ರೇಮ್. ತೀರಾ ಚಿಕ್ಕದಾದರೆ ಆಟ ನಂಬುವುದಿಲ್ಲ. ತೀರಾ ಉದ್ದವಾದರೆ ನಾಣ್ಯ ಸಿಕ್ಕಿಬಿದ್ದಿದೆ ಎಂದು ಕೆಲವು ಆಟಗಳು ತಿಳಿಯುತ್ತವೆ.

ಕೋಡಿನಲ್ಲಿ ಒಂದು ಸೂಕ್ಷ್ಮ. ಬಟನ್ ಒತ್ತಿದಾಗ ಅದಕ್ಕೆ ಯಾವ ಕೆಲಸ ಸಿಕ್ಕಿತೆಂಬುದನ್ನು ಆ ಬಟನ್ ಬಿಡುವವರೆಗೂ ನೆನಪಿಡಬೇಕು. ಸ್ಟಾರ್ಟ್ ಹಿಡಿದು 1 ಒತ್ತಿ, ಮೊದಲು ಸ್ಟಾರ್ಟ್ ಬಿಟ್ಟು ಆಮೇಲೆ 1 ಬಿಟ್ಟರೆ? ಬಿಡುವ ಹೊತ್ತಿಗೆ ಶಿಫ್ಟ್ ಇಲ್ಲವೆಂದು ನೋಡಿ ಸಾಮಾನ್ಯ ಕೀ ಬಿಟ್ಟಂತೆ ಕಳಿಸಿದರೆ, ಪಾಸ್ ಕೀ ಒತ್ತಿದ ಹಾಗೇ ಉಳಿದುಹೋಗುತ್ತದೆ. ನಿರ್ಧಾರ ಒತ್ತುವಾಗ ಒಮ್ಮೆ ಮಾತ್ರ, ಬಿಡುವಾಗ ಇಲ್ಲ.

ತಂತಿಗಳು

ಸಿಗ್ನಲ್ ತಂತಿ ಪ್ರತಿ ಸ್ವಿಚ್ಚಿಗೆ ಒಂದು, ಗ್ರೌಂಡ್ ಎಲ್ಲಕ್ಕೂ ಸಾಮಾನ್ಯ. ಗ್ರೌಂಡನ್ನು ಬಟನ್ನಿನಿಂದ ಬಟನ್ನಿಗೆ ಸರಪಳಿಯಾಗಿ ಎಳೆಯುವುದು ವಾಡಿಕೆ. ನಡುವೆ ಒಂದು ಲಗ್ (ತಂತಿಯ ತುದಿಯ ಸಿಕ್ಕಿಸುವ ಕ್ಲಿಪ್) ಕಳಚಿದರೆ ಅದರಾಚೆಯ ಬಟನ್ನೆಲ್ಲ ಸತ್ತಂತೆ. ಸರಪಳಿಯ ಬಾಲವನ್ನು ತಂದು ಮತ್ತೆ ಪಿಕೋದ ಇನ್ನೊಂದು ಗ್ರೌಂಡ್ ಪಿನ್ನಿಗೆ ಸೇರಿಸಿ ಬಳೆಯಾಗಿಸಿದೆವು. ಈಗ ಎಲ್ಲೇ ಒಂದು ಕಡೆ ಕಳಚಿದರೂ ಕರೆಂಟಿಗೆ ಇನ್ನೊಂದು ಕಡೆಯಿಂದ ದಾರಿ ಉಂಟು. ಹೆಚ್ಚಿಗೆ ಬೇಕಾದ್ದು ಒಂದು ಮೊಳ ತಂತಿ. ಮೈಕ್ರೋಸ್ವಿಚ್‌ಗಳ ಕಾಲು 4.8 ಮಿ.ಮೀ. ಅಗಲದವು. ವಾಹನಗಳ ವೈರಿಂಗ್ ಸಾಮಾನಿನ ಅಂಗಡಿಗೆ ಹೋದರೆ ಕೈಗೆ ಬರುವುದು 6.3ರ ಲಗ್, ಅದು ಸಡಿಲವಾಗಿ ಕೂರುತ್ತದೆ. ಇಕ್ಕಳದಲ್ಲಿ ಅದುಮಿ ಹೊಂದಿಸುವವರುಂಟು, ನಾನು ಬಿಡುವುದಿಲ್ಲ. ಪ್ಲೈವುಡ್ 18 ಮಿ.ಮೀ. ಇದ್ದುದರಿಂದ ಉದ್ದ ಕುತ್ತಿಗೆಯ, ಅಡಿಯಿಂದ ನಟ್ ಬಿಗಿಯುವ ಬಟನ್‌ಗಳೇ ಬೇಕಾದವು. ತೆಳು ಲೋಹದ ಪ್ಯಾನೆಲ್ಲಿಗೆಂದು ಮಾಡಿದ, ಒತ್ತಿ ಕೂರಿಸುವ ಬಗೆಯವು ಇದಕ್ಕೆ ಹಿಡಿಯುವುದಿಲ್ಲ.

ಜುಲೈ ತಿಂಗಳ ದೂರು

ಮಕ್ಕಳು ಊರಿಗೆ ಮರಳಿದರು, ಜೂನ್ ದಾಟಿತು. ಮಳೆ ಕಚ್ಚಿ ಹಿಡಿದ ಒಂದು ಸಂಜೆ ಭಾವನ ಫೋನ್: ಬಟನ್ ಮೂರು ಸಲ ಒತ್ತಿದರೆ ಒಮ್ಮೆ ಹಿಡಿಯುತ್ತದೆ, ಎಂತ ಸಾವು ಮಾರಾಯ. ಅಜ್ಜಿಯ ಸ್ಟಾರ್ಟ್ ಮಾತ್ರ ನೆಟ್ಟಗಿದೆ, ಉಳಿದವು ಕೈ ಕೊಡುತ್ತಿವೆ.

ಕೋಡ್ ಮುಟ್ಟುವ ಮೊದಲು ಮಲ್ಟಿಮೀಟರ್ ಹಿಡಿದೆ. ಹೊಸ ಸ್ವಿಚ್ ಒತ್ತಿದಾಗ ರೆಸಿಸ್ಟನ್ಸ್ ಒಂದು ಓಮಿಗೂ ಕಡಿಮೆ ಬರಬೇಕು. ಇಲ್ಲಿ ಕೆಲವು ಒತ್ತುಗಳಿಗೆ ಸರಿಯಾಗಿ, ಕೆಲವಕ್ಕೆ ಕಿಲೋ ಓಮ್‌ಗಳಲ್ಲಿ, ಕೆಲವಕ್ಕೆ ಏನೂ ಇಲ್ಲ. ಒಳಗಿನ ಸಂಪರ್ಕಗಳ ಮೇಲೆ ಪೊರೆ ಕಟ್ಟಿದೆ. ಸಮುದ್ರ ಹತ್ತಿರ, ನದಿ ಹಿತ್ತಿಲಲ್ಲೇ, ಗಾಳಿಯಲ್ಲಿ ಉಪ್ಪು. ಆಟವಾಡುವವರಿಲ್ಲದೆ ಬಟನ್‌ಗಳು ವಾರಗಟ್ಟಲೆ ಸುಮ್ಮನಿದ್ದವು. ಅಜ್ಜಿ ದಿನವೂ ಒತ್ತುವ ಬಟನ್ ಉಜ್ಜಿಕೊಂಡು ಚೊಕ್ಕವಾಗಿದ್ದುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಇದೇ ಬಗೆಯ ಸ್ವಿಚ್‌ಗಳು ಇದೇ ಕರಾವಳಿಯಲ್ಲಿ ಮಿಕ್ಸಿ, ಪಂಪುಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡುತ್ತವೆ. ವ್ಯತ್ಯಾಸ ಕರೆಂಟಿನದ್ದು. ಇಂಥ ಮೈಕ್ರೋಸ್ವಿಚ್ಚಿನ ಸಂಪರ್ಕಗಳು ಸಾಮಾನ್ಯವಾಗಿ ಬೆಳ್ಳಿಯ ಮಿಶ್ರಣ, ಆಂಪಿಯರ್ ಲೆಕ್ಕದ ಕರೆಂಟಿಗೆ ಮಾಡಿದವು. ಹರಿಯುವ ಕರೆಂಟೇ ಆ ತೆಳು ಪೊರೆಯನ್ನು ಸುಟ್ಟು ದಾರಿ ಮಾಡಿಕೊಳ್ಳುತ್ತದೆ. ಪಿಕೋ ಒಳಗಿನ ಪುಲ್-ಅಪ್ 50ರಿಂದ 80 ಕಿಲೋ ಓಮ್, 3.3 ವೋಲ್ಟಿನಲ್ಲಿ ಹರಿಯುವುದು 0.04ರಿಂದ 0.07 ಮಿಲಿ ಆಂಪಿಯರ್. ಅಷ್ಟು ಬಡ ಕರೆಂಟಿಗೆ ಪೊರೆ ಜಗ್ಗುವುದಿಲ್ಲ. ಚಿನ್ನದ ಲೇಪದ ಸಂಪರ್ಕವಿರುವ ಮೈಕ್ರೋಸ್ವಿಚ್‌ಗಳು ಇಂಥ ಕೆಲಸಕ್ಕೆಂದೇ ಇವೆ, ಆದರೆ ಇಪ್ಪತ್ತೆರಡನ್ನೂ ಬದಲಿಸುವುದು ಭಾವನಿಗೆ ಒಗ್ಗದ ಮಾತು.

ಪ್ರತಿ ಇನ್‌ಪುಟ್‌ನಿಂದ 3.3 ವೋಲ್ಟಿಗೆ ಒಂದೊಂದು 1 ಕಿಲೋ ಓಮ್ ರೆಸಿಸ್ಟರ್ ಸೇರಿಸಿದೆವು. ಈಗ ಒತ್ತಿದಾಗ 3.3 ಮಿಲಿ ಆಂಪಿಯರ್ ಹರಿಯುತ್ತದೆ, ಮೊದಲಿನದಕ್ಕಿಂತ ಸುಮಾರು ಐವತ್ತು ಪಟ್ಟು ಅಥವಾ ಅದಕ್ಕೂ ಹೆಚ್ಚು. ಎಲ್ಲ ಸ್ವಿಚ್ ಒಟ್ಟಿಗೆ ಒತ್ತಿದರೂ 73 ಮಿಲಿ ಆಂಪಿಯರ್, ಪಿಕೋದ ರೆಗ್ಯುಲೇಟರಿಗೆ ಅದು ಭಾರವಲ್ಲ. ಸಂಪರ್ಕಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಪ್ರತಿ ಬಟನ್ನನ್ನು ಅಳಿಯ ಕುಳಿತು ಹಲವು ಸಲ ಒತ್ತಿ ಬಿಟ್ಟ. ಎರಡು ಸ್ವಿಚ್ ಮಾತ್ರ ಬದಲಿಸಬೇಕಾಯಿತು. ಪೆಟ್ಟಿಗೆಯ ಒಳಗೆ ಒಂದು ಜೀರೋ ಕ್ಯಾಂಡಲ್ ಬಲ್ಬ್ ಮಳೆಗಾಲ ಮುಗಿಯುವವರೆಗೆ ಉರಿಯುತ್ತಿರಲಿ ಎಂದು ಹೇಳಿ ಬಂದೆ. ಹಾರ್ಮೋನಿಯಂ, ಕ್ಯಾಮೆರಾ ಇಟ್ಟವರು ಇಲ್ಲಿ ಹಿಂದಿನಿಂದಲೂ ಮಾಡುವ ಉಪಾಯ. ಎಲ್‌ಇಡಿ ಬಲ್ಬ್ ಹಾಕಿದರೆ ಬಿಸಿಯಾಗುವುದಿಲ್ಲ, ಹಳೆ ಬಗೆಯದ್ದೇ ಬೇಕು.

ಈ ದೂರು ಎರಡು ಕೆಲಸದ ಬಟನ್‌ಗಳಿಗೇ ಹೆಚ್ಚು ಕಾಡಿದ್ದಕ್ಕೂ ಕಾರಣವಿದೆ. ಸಾದಾ ಬಟನ್ ಒಂದು ಒತ್ತು ತಪ್ಪಿಸಿದರೆ ಆಟಗಾರ ಮತ್ತೆ ಒತ್ತುತ್ತಾನೆ, ಮರೆಯುತ್ತಾನೆ. ಜೋಡಿಯಲ್ಲಿ ಎರಡನೇ ಬಟನ್ ಒಂದು ಒತ್ತು ತಪ್ಪಿಸಿದರೆ 400 ಮಿಲಿಸೆಕೆಂಡ್ ಕಳೆದು ಸ್ಟಾರ್ಟ್ ಹೋಗಿಬಿಡುತ್ತದೆ. ಕಾಯಿನ್ ಕೇಳಿದವನಿಗೆ ಬೇರೇನೋ ಆದಂತೆ ಕಾಣುತ್ತದೆ, ತಪ್ಪು ಕೋಡಿನದ್ದೆಂದು ತೋರುತ್ತದೆ. ಜೋಡಿ ಕೆಲಸ ಸರಿಯಿಲ್ಲವೆಂದು ಯಾರಾದರೂ ದೂರು ತಂದರೆ ನಾನು ಈಗ ಮೊದಲು ತೆರೆಯುವುದು ಪೆಟ್ಟಿಗೆಯ ಅಡಿ, ಲ್ಯಾಪ್‌ಟಾಪ್ ಅಲ್ಲ.

ಉಳಿದದ್ದು ಒಂದೇ. ಸರ್ಕಿಟ್‌ಪೈಥಾನ್ ಹಾಕಿದ ಪಿಕೋ ಕಂಪ್ಯೂಟರಿಗೆ ಪೆನ್‌ಡ್ರೈವ್‌ನಂತೆಯೂ ಕಾಣುತ್ತದೆ, ಕೋಡ್ ಫೈಲು ಅದರಲ್ಲಿ ಬಟಾಬಯಲು. ಮೌಸ್ ಸಿಕ್ಕಿದ ಮಗುವೊಂದು ಅದನ್ನು ಅಳಿಸಿದರೆ ಪ್ಯಾನೆಲ್ ಮೂಕ. ಬೂಟ್ ಫೈಲಿನಲ್ಲಿ ಡ್ರೈವನ್ನು ಮುಚ್ಚಿಡುವ ಸಾಲು ಸೇರಿಸಿದೆವು, ಆನ್ ಆಗುವಾಗ ಒಂದು ನಿರ್ದಿಷ್ಟ ಬಟನ್ ಒತ್ತಿ ಹಿಡಿದರೆ ಮಾತ್ರ ಡ್ರೈವ್ ತೆರೆದುಕೊಳ್ಳುತ್ತದೆ. ವೈರಿಂಗ್ ನಕ್ಷೆ, ಪಿನ್ ಸಂಖ್ಯೆ, ಜೋಡಿಗಳ ಪಟ್ಟಿ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಪೆಟ್ಟಿಗೆಯ ಒಳಮೈಗೆ ಅಂಟಿಸಿದ್ದೇವೆ. ಆ ಬಟನ್ ಯಾವುದೆಂದು ಮಾತ್ರ ಅದರಲ್ಲಿ ಬರೆದಿಲ್ಲ. ಅಳಿಯನಿಗೆ ಗೊತ್ತು, ನನಗೆ ಗೊತ್ತು.